ಐರ್ಲೆಂಡಿನ ಅಗಸಗಿತ್ತಿ: ಒಂದು ಪಿಟೀಲು ಕುಣಿತದ ಚರಿತ್ರೆ

ರಾಜರ ಚರಿತ್ರೆಯನ್ನು ಬರೆಯುವವರಿಗೆ ಶಾಸನಗಳುಂಟು, ನಾಣ್ಯಗಳುಂಟು, ಹಾಳುಬಿದ್ದ ಕೋಟೆಗಳುಂಟು. ಒಂದು ಮಟ್ಟಿನ ಚರಿತ್ರೆಯನ್ನು ಅರಸಿ ಹೊರಟವರಿಗೆ ಇಂತಹ ಆಧಾರಗಳು ಬಹು ವಿರಳ. ನುಡಿಸಿದ ಮರುಕ್ಷಣವೇ ಗಾಳಿಯಲ್ಲಿ ಲೀನವಾಗುವ ವಸ್ತು ಅದು. ಕಟ್ಟಿದವನು ಅದಕ್ಕೆ ತನ್ನ ಅಂಕಿತವನ್ನಿಟ್ಟಿರುವುದಿಲ್ಲ. ಕಲಿತವನು ಗುರುವಿನ ಹೆಸರನ್ನು ಬರೆದಿಟ್ಟಿರುವುದಿಲ್ಲ. ಆದರೂ ಕೋಟೆಗಳು ಕುಸಿದ ಮೇಲೆಯೂ ಮಟ್ಟುಗಳು ಉಳಿದುಬಂದಿರುವುದನ್ನು ನಾವು ಕಾಣುತ್ತೇವೆ. ಅವು ಹೇಗೆ ಉಳಿದುವು, ಯಾರು ಉಳಿಸಿದರು, ಕೊನೆಗೆ ಅವು ಯಾರ ಸ್ವತ್ತು ಎಂಬ ಪ್ರಶ್ನೆಗಳನ್ನು ಒಂದೇ ಒಂದು ಮಟ್ಟನ್ನು ಆಧಾರವಾಗಿಟ್ಟುಕೊಂಡು ವಿಚಾರಮಾಡುವುದು ಈ ಭಾಷಣದ ಉದ್ದೇಶ. ಆ ಮಟ್ಟಿಗೆ 'ಐರಿಷ್ ವಾಷರ್‌ವುಮನ್', ಎಂದರೆ 'ಐರ್ಲೆಂಡಿನ ಅಗಸಗಿತ್ತಿ', ಎಂದು ಹೆಸರು. ಪಿಟೀಲಿನ ಮೇಲೆ ನುಡಿಸುವ ಕುಣಿತದ ಮಟ್ಟುಗಳಲ್ಲಿ ಇದರಷ್ಟು ದೂರ ಸಂಚರಿಸಿದುದು, ಇದರಷ್ಟು ವಿವಾದಕ್ಕೆ ಗುರಿಯಾದುದು ಮತ್ತೊಂದು ಸುಲಭವಾಗಿ ಸಿಕ್ಕದು.

ಈ ಮಟ್ಟು 'ಜಿಗ್' ಎಂಬ ಜಾತಿಗೆ ಸೇರಿದುದು. ಜಿಗ್ ಎಂದರೇನು? ನಮ್ಮ ಸಂಗೀತದ ಪರಿಭಾಷೆಯಲ್ಲಿ ಹೇಳುವುದಾದರೆ ಇದರ ನಡೆ ತಿಶ್ರ. 'ತಕಿಟ ತಕಿಟ' ಎಂದು ಮೂರು ಮೂರು ಮಾತ್ರೆಗಳ ಎರಡು ಗುಂಪುಗಳು ಸೇರಿದರೆ ಒಂದು ಆವರ್ತ. ಎಂಟು ಆವರ್ತಗಳಿಗೆ ಒಂದು ಭಾಗ. ಅಂತಹ ಎರಡು ಭಾಗಗಳಿಗೆ ಒಂದು ಮಟ್ಟು. ಒಂದೊಂದು ಭಾಗವನ್ನೂ ಎರಡೆರಡು ಸಲ ನುಡಿಸುವುದು ರೂಢಿಯಾದುದರಿಂದ ಒಂದು ಸುತ್ತಿಗೆ 32 ಆವರ್ತಗಳಾಗುತ್ತವೆ. ಸುತ್ತು ಮುಗಿದೊಡನೆ ಮತ್ತೆ ಮೊದಲಿನಿಂದ ಪ್ರಾರಂಭ. ಕುಣಿಯುವವರ ಕಾಲು ಸೋಲುವವರೆಗೆ ಕಮಾನಿಗೆ ವಿಶ್ರಾಂತಿಯಿಲ್ಲ. ಆವರ್ತಕ್ಕೆ ಒಂಬತ್ತು ಮಾತ್ರೆಗಳಿರುವ 'ಸ್ಲಿಪ್ ಜಿಗ್' ಎಂಬ ಪ್ರಭೇದವೂ ಉಂಟು. ನಮ್ಮ ಅಗಸಗಿತ್ತಿಯಾದರೋ ಆರು ಮಾತ್ರೆಯವಳು. ಈ ಮಟ್ಟಿನ ಸ್ವರಗಳು ನಮ್ಮ ಶಂಕರಾಭರಣದವು. ಷಡ್ಜ, ಗಾಂಧಾರ, ಪಂಚಮಗಳನ್ನು ಬಿಡಿಬಿಡಿಯಾಗಿ ತಟ್ಟುತ್ತ ಅದು ಹೊರಡುತ್ತದೆ, ಎರಡು ಆವರ್ತಗಳಾದ ಮೇಲೆ ಅದೇ ವಿನ್ಯಾಸವನ್ನು ಒಂದು ಸ್ವರದಷ್ಟು ಮೇಲಕ್ಕೇರಿಸಿ ರಿಷಭ, ಮಧ್ಯಮ, ಧೈವತಗಳ ಮೇಲೆ ನುಡಿಸುತ್ತದೆ, ಮತ್ತೆ ಕೆಳಗಿಳಿಯುತ್ತದೆ. ಬಟ್ಟೆಯನ್ನು ಮೇಲೆತ್ತಿ ಕಲ್ಲಿನ ಮೇಲೆ ಒಗೆಯುವ ಕೈಯ ಓಟವೇ ಇದರಲ್ಲಿದೆಯೆಂದು ಕೇಳಿದವರಿಗೆ ತೋರಿದರೆ ಆಶ್ಚರ್ಯವಿಲ್ಲ.

ಜಿಗ್ ಎಂಬ ಶಬ್ದದ ಮೂಲವನ್ನು ಕುರಿತು ಪಂಡಿತರಲ್ಲಿ ಒಮ್ಮತವಿಲ್ಲ. ಹಳೆಯ ಫ್ರೆಂಚ್ ಭಾಷೆಯಲ್ಲಿ ನೆಗೆದಾಡು ಎಂಬರ್ಥದ ಒಂದು ಕ್ರಿಯಾಪದವುಂಟು. ಅದರಿಂದ ಬಂದಿತೆಂದು ಕೆಲವರು. ಜರ್ಮನ್ ಭಾಷೆಯಲ್ಲಿ ಪಿಟೀಲಿಗೆ 'ಗೈಗೆ' ಎಂದು ಹೆಸರು; ಅದರಿಂದ ಬಂದಿತೆಂದು ಮತ್ತೆ ಕೆಲವರು. ಹೇಗೂ 16ನೆಯ ಶತಮಾನದ ಕೊನೆಯ ವೇಳೆಗೆ ಇಂಗ್ಲೆಂಡಿನಲ್ಲಿ ಈ ಮಾತು ಮನೆಮಾತಾಗಿದ್ದಿತು. ನಾಟಕ ಮುಗಿದ ಮೇಲೆ ವಿದೂಷಕರು ಆಡುತ್ತಿದ್ದ ಹಾಡುಕುಣಿತದ ಪ್ರಹಸನಕ್ಕೂ ಜಿಗ್ ಎಂದೇ ಹೆಸರು. ಷೇಕ್ಸ್‌ಪಿಯರನ 'ಮಚ್ ಅಡೂ ಅಬೌಟ್ ನಥಿಂಗ್' ನಾಟಕದಲ್ಲಿ ಪ್ರಣಯದ ಆತುರವನ್ನು ಸ್ಕಾಟ್ಲೆಂಡಿನ ಜಿಗ್ಗಿಗೆ ಹೋಲಿಸಿದೆ. ಅವನ ನಾಟಕಮಂಡಲಿಯಲ್ಲಿದ್ದ ವಿಲ್ ಕೆಂಪ್ ಎಂಬ ವಿದೂಷಕನು 1600ರಲ್ಲಿ ಲಂಡನ್ನಿನಿಂದ ನಾರಿಚ್ ಪಟ್ಟಣದವರೆಗೆ ಒಂಬತ್ತು ದಿನಗಳ ಕುಣಿತದಿಂದ ದಾರಿ ಸವೆಸಿ ಹೆಸರುವಾಸಿಯಾದನು. ಇದೇ ನಡೆ ಯೂರೋಪಿನ ಅರಮನೆಗಳನ್ನು ಹೊಕ್ಕು 'ಜೀಗ್' ಎಂದು ನಾಗರಿಕವೇಷವನ್ನು ಧರಿಸಿತು. ಸೆಬಾಸ್ಟಿಯನ್ ಬಾಖನು ತನ್ನ ನೃತ್ಯಮಾಲಿಕೆಗಳನ್ನು ಬಹುಮಟ್ಟಿಗೆ ಇದರಿಂದಲೇ ಮುಗಿಸುವನು. ಅರಮನೆಯಲ್ಲಿ ಜಿಗ್ ಕೇಳುವ ಸಂಗೀತವಾಯಿತು. ಐರ್ಲೆಂಡಿನ ಗುಡಿಸಲಿನಲ್ಲಿ ಮಾತ್ರ ಅದು ಕುಣಿತವಾಗಿಯೇ ಉಳಿಯಿತು.

ಇನ್ನು ನಮ್ಮ ಮಟ್ಟಿನ ವಂಶಾವಳಿಗೆ ಬರೋಣ. ಜಾನ್ ಪ್ಲೇಫೋರ್ಡ್ ಎಂಬ ಲಂಡನ್ನಿನ ಪ್ರಕಾಶಕನು 1651ರಲ್ಲಿ 'ಇಂಗ್ಲಿಷ್ ಡಾನ್ಸಿಂಗ್ ಮಾಸ್ಟರ್' ಎಂಬ ಪುಸ್ತಕವನ್ನು ಅಚ್ಚುಹಾಕಿಸಿದನು. ಅದರಲ್ಲಿ ನೂರಕ್ಕೆ ಮೇಲ್ಪಟ್ಟು ಕುಣಿತಗಳಿಗೆ ಮಟ್ಟನ್ನೂ ಹೆಜ್ಜೆಯ ವಿವರವನ್ನೂ ಕೊಟ್ಟಿದೆ. ಅವುಗಳಲ್ಲಿ 'ಡಾರ್ಗಸನ್' ಎಂಬುದೊಂದು. ಎಂಟೇ ಆವರ್ತಗಳ ಈ ಪುಟ್ಟ ಮಟ್ಟಿಗೆ ಮುಕ್ತಾಯವೆಂಬುದಿಲ್ಲ. ಅದರ ಕೊನೆಯು ಮತ್ತೆ ಮೊದಲಿಗೇ ಬಂದು ಸೇರುವುದರಿಂದ ಗಾಣದ ಎತ್ತಿನಂತೆ ಅದು ಸುತ್ತುತ್ತಲೇ ಇರುತ್ತದೆ. 20ನೆಯ ಶತಮಾನದ ಪ್ರಾರಂಭದಲ್ಲಿ ಗುಸ್ತಾವ್ ಹೋಲ್ಸ್ಟ್ ಎಂಬ ಇಂಗ್ಲಿಷ್ ವಾಗ್ಗೇಯಕಾರನು ಇದನ್ನು ತನ್ನ ಎರಡು ಕೃತಿಗಳಲ್ಲಿ ಬಳಸಿಕೊಂಡು, 'ಗ್ರೀನ್‌ಸ್ಲೀವ್ಸ್' ಎಂಬ ಇನ್ನೊಂದು ಹಳೆಯ ಮಟ್ಟಿನೊಡನೆ ಏಕಕಾಲದಲ್ಲಿ ನುಡಿಯುವಂತೆ ಹೆಣೆದನು. ಡಾರ್ಗಸನ್ನಿನ ಸ್ವರಗಳ ಓಲಾಟಕ್ಕೂ ಅಗಸಗಿತ್ತಿಯ ಓಲಾಟಕ್ಕೂ ಹೋಲಿಕೆಯುಂಟೆಂಬುದನ್ನು ವಿದ್ವಾಂಸರು ಬಹುಕಾಲದಿಂದ ಗಮನಿಸಿದ್ದಾರೆ. 17ನೆಯ ಶತಮಾನದ ಕೊನೆಯ ವೇಳೆಗೆ ಇಂಗ್ಲೆಂಡಿನಲ್ಲಿ ಬಳಕೆಗೆ ಬಂದ 'ಕಂಟ್ರಿ ಕೋರ್ಟ್‌ಷಿಪ್' ಎಂಬ ಮತ್ತೊಂದು ಮಟ್ಟು ಇನ್ನೂ ಹತ್ತಿರದ ನೆಂಟಸ್ತಿಕೆಯದು. 'ಐರಿಷ್ ವಾಷರ್‌ವುಮನ್' ಎಂಬ ಹೆಸರಾದರೋ ಅಚ್ಚಿನ ಪುಸ್ತಕಗಳಲ್ಲಿ ಕಾಣಿಸಿಕೊಳ್ಳುವುದು 18ನೆಯ ಶತಮಾನದ ಕೊನೆಯ ಭಾಗದಲ್ಲಿ.

ಇಷ್ಟನ್ನು ನೋಡಿದ ಮೇಲೆ ಇಂಗ್ಲೆಂಡಿನ ಪಕ್ಷದವರು 'ಮಟ್ಟು ನಮ್ಮದು; ಐರಿಷರು ಹೆಸರನ್ನು ಮಾತ್ರ ಅಂಟಿಸಿದರು' ಎಂದು ವಾದಿಸುವುದು ಸಹಜ. ಆದರೆ ಈ ವಾದದಲ್ಲಿ ಒಂದು ತೊಡಕಿದೆ. ಅಚ್ಚಾದ ತಾರೀಖು ಹುಟ್ಟಿದ ತಾರೀಖಲ್ಲ. ಲಂಡನ್ನಿನಲ್ಲಿ ಮುದ್ರಣಾಲಯಗಳಿದ್ದುವು, ಪುಸ್ತಕವನ್ನು ಕೊಳ್ಳುವ ಸ್ಥಿತಿವಂತರಿದ್ದರು. ಐರ್ಲೆಂಡಿನ ಮಟ್ಟುಗಳಿಗೆಂದೇ ಮೀಸಲಾದ ಮೊದಲನೆಯ ಅಚ್ಚಿನ ಸಂಗ್ರಹವನ್ನು ಡಬ್ಲಿನ್ನಿನ ಜಾನ್ ಮತ್ತು ವಿಲಿಯಂ ನೀಲ್ ಎಂಬವರು ಹೊರತಂದುದು 1724ರ ಸುಮಾರಿನಲ್ಲಿ, ಪ್ಲೇಫೋರ್ಡನ ಪುಸ್ತಕವಾದ 70 ವರ್ಷಗಳ ಮೇಲೆ. ಅಲ್ಲಿಯವರೆಗೆ ಆ ದೇಶದಲ್ಲಿ ಸಂಗೀತವೇ ಇರಲಿಲ್ಲವೆ? 1674ರಲ್ಲಿಯೇ ರಿಚರ್ಡ್ ಹೆಡ್ ಎಂಬ ಲೇಖಕನು ಐರ್ಲೆಂಡಿನ ಬಯಲುಗಳಲ್ಲಿ ಪಿಟೀಲಿನ ದನಿ ಕೇಳುವುದನ್ನೂ ಹುಡುಗಿಯರು ಬೆವರು ಸುರಿಯುವವರೆಗೆ ಕುಣಿಯುವುದನ್ನೂ ಬರೆದಿದ್ದಾನೆ. ಪುಸ್ತಕವಿಲ್ಲವೆಂಬುದರಿಂದ ಮಟ್ಟಿರಲಿಲ್ಲವೆಂದು ತೀರ್ಮಾನಿಸಲಾಗದು.

ಇನ್ನೊಂದು ಪಕ್ಷದವರಿಗೂ ಒಂದು ಮಾತನ್ನು ಹೇಳಬೇಕಾಗಿದೆ. ತನ್ನ ಊರಿನ ಬಾವಿಯನ್ನು ಯಾರೂ ಊರಿನ ಹೆಸರಿನಿಂದ ಕರೆಯುವುದಿಲ್ಲ. ಐರ್ಲೆಂಡಿನ ಹಳ್ಳಿಯ ಪಿಟೀಲುಗಾರನಿಗೆ ಅವಳು ಬರಿಯ ಅಗಸಗಿತ್ತಿಯಾಗಬೇಕೇ ಹೊರತು 'ಐರ್ಲೆಂಡಿನ' ಅಗಸಗಿತ್ತಿಯಾಗಬೇಕಾಗಿರಲಿಲ್ಲ. ಹೊರಗಿನವರು ನೋಡಿ ಇಟ್ಟ ಹೆಸರಿನ ಚಹರೆ ಅದರ ಮೇಲಿದೆ. ಪ್ಲೇಫೋರ್ಡನ ಪುಸ್ತಕ ಹೊರಬಿದ್ದ ಕಾಲದಲ್ಲಿಯೇ ಕ್ರಾಮ್‌ವೆಲ್ಲನ ಸೇನೆ ಐರ್ಲೆಂಡನ್ನು ತುಳಿಯುತ್ತಿದ್ದಿತು. ಸೈನಿಕರೂ, ಅವರ ಹಿಂದೆಯೇ ಬಂದ ಒಕ್ಕಲುಗಳೂ ಕತ್ತಿಯೊಡನೆ ಮಟ್ಟುಗಳನ್ನೂ ತಂದಿರಬಹುದು. ಕೂಲಿಗಾಗಿ ಇಂಗ್ಲೆಂಡಿಗೆ ಹೋದ ಐರಿಷರು ತಮ್ಮ ಮಟ್ಟುಗಳನ್ನು ಅಲ್ಲಿ ಬಿಟ್ಟು ಬಂದಿರಬಹುದು. ಎರಡು ದ್ವೀಪಗಳ ನಡುವಣ ಕಿರುಗಡಲನ್ನು ಮಟ್ಟು ಎಷ್ಟು ಸಲ ದಾಟಿತೆಂಬುದಕ್ಕೆ ಸುಂಕದ ಕಟ್ಟೆಯಲ್ಲಿ ಲೆಕ್ಕವಿಲ್ಲ. ಬೀಜ ಇಂಗ್ಲೆಂಡಿನದೇ ಆದರೂ ಅದು ಬೆಳೆದ ಮಣ್ಣು ಯಾವುದೆಂಬುದು ಬೇರೆಯ ವಿಚಾರ. ಆ ಮಣ್ಣಿನ ಕಥೆ ಡಾರ್ಗಸನ್ನಿನ ಕಥೆಗಿಂತ ಮುಖ್ಯವೆಂದು ನಮ್ಮ ಅಭಿಪ್ರಾಯ.

ಆರ್ಥರ್ ಯಂಗ್ ಎಂಬ ಇಂಗ್ಲಿಷ್ ಬೇಸಾಯಶಾಸ್ತ್ರಜ್ಞನು 1776ರಿಂದ ಮೂರು ವರ್ಷಗಳ ಕಾಲ ಐರ್ಲೆಂಡಿನಲ್ಲಿ ಸಂಚರಿಸಿ, ತಾನು ಕಂಡುದನ್ನು 1780ರಲ್ಲಿ ಪ್ರಕಟಿಸಿದನು. ಬಡವರ ಗುಡಿಸಲುಗಳಲ್ಲೆಲ್ಲ ಕುಣಿತವಿರುವುದನ್ನು ಕಂಡು ಅವನು ಬೆರಗಾದನು. ಕುಣಿತವನ್ನು ಕಲಿಸುವ ಮೇಷ್ಟರು ಗುಡಿಸಲಿಂದ ಗುಡಿಸಲಿಗೆ ತಿರುಗುತ್ತಿದ್ದರು. ಅವರೊಡನೆ ಚೀಲವಾದ್ಯವನ್ನೂದುವವನೊಬ್ಬನೋ ಕುರುಡನಾದ ಪಿಟೀಲುಗಾರನೊಬ್ಬನೋ ಇರುವನು. ಕಲಿಯುವವರು ಮೂರು ತಿಂಗಳಿಗೆ ಕೊಡುತ್ತಿದ್ದ ಸಂಬಳ ಆರು ಪೆನ್ಸು. ಜಿಗ್ಗಿನ ನಿಜವಾದ ವಿಶ್ವವಿದ್ಯಾನಿಲಯ ಇದು. ಇಲ್ಲಿ ಗ್ರಂಥವಿಲ್ಲ, ಪರೀಕ್ಷೆಯಿಲ್ಲ. ಕಿವಿಯಿಂದ ಕೈಗೆ, ಕೈಯಿಂದ ಕಿವಿಗೆ ವಿದ್ಯೆ ಹರಿಯಬೇಕು. ಒಬ್ಬೊಬ್ಬನ ಕೈಯಲ್ಲಿ ಮಟ್ಟು ಒಂದೊಂದು ಸೊಗಸನ್ನು ಪಡೆಯುತ್ತಿದ್ದಿತು. ಆದರೆ ಇಂತಹ ವಿದ್ಯೆಗೆ ಒಂದು ಅಪಾಯವೂ ಉಂಟು. ಅದನ್ನು ಹೊತ್ತ ಜನ ಅಳಿದರೆ ಅವರೊಡನೆಯೇ ಅದೂ ಮಣ್ಣುಗೂಡುವುದು.

ಆ ಅಪಾಯ ಒದಗಿಯೇ ಬಂದಿತು. 1845ರಲ್ಲಿ ಆಲೂಗೆಡ್ಡೆಯ ಬೆಳೆಗೆ ಬೂಷ್ಟುರೋಗ ತಗುಲಿತು. ಬಡವರಿಗೆ ಅದಲ್ಲದೆ ಬೇರೆ ಆಹಾರವಿರಲಿಲ್ಲ. 1841ರ ಜನಗಣತಿಯಲ್ಲಿ ಸುಮಾರು 82 ಲಕ್ಷವಿದ್ದ ಐರ್ಲೆಂಡಿನ ಜನಸಂಖ್ಯೆ 1851ರಲ್ಲಿ ಸುಮಾರು 65 ಲಕ್ಷಕ್ಕಿಳಿಯಿತು. ಹತ್ತು ಲಕ್ಷದಷ್ಟು ಜನ ಹಸಿವಿನಿಂದಲೂ ಜ್ವರದಿಂದಲೂ ಸತ್ತರು. ಅದಕ್ಕಿಂತ ಹೆಚ್ಚು ಜನ ಹಡಗು ಹತ್ತಿದರು. ಸತ್ತವರಲ್ಲಿ, ಹೊರಟವರಲ್ಲಿ ಬಹುಮಂದಿ ಯಂಗನು ಕಂಡಿದ್ದ ಆ ಗುಡಿಸಲುಗಳವರ ಮಕ್ಕಳು ಮೊಮ್ಮಕ್ಕಳು. ಜಾರ್ಜ್ ಪೆಟ್ರಿ ಎಂಬ ವಿದ್ವಾಂಸನು ತಾನು ಶೇಖರಿಸಿದ ಐರಿಷ್ ಸಂಗೀತವನ್ನು 1855ರಲ್ಲಿ ಪ್ರಕಟಿಸಿದಾಗ, ಹಾಡಿನ ನಾಡೆನಿಸಿದ್ದ ದೇಶವನ್ನು ಕ್ಷಾಮದ ತರುವಾಯ ಕವಿದ ಮೌನವನ್ನು ಕುರಿತು ಮುನ್ನುಡಿಯಲ್ಲಿ ವ್ಯಥೆಪಟ್ಟಿದ್ದಾನೆ. ಹೊಲದಲ್ಲಿ ಹಾಡಿಲ್ಲ, ದಾರಿಯಲ್ಲಿ ಸಿಳ್ಳಿಲ್ಲ. ಸತ್ತವರ ಸಂಖ್ಯೆಯನ್ನು ಸರಕಾರದವರು ಲೆಕ್ಕಹಾಕಿದರು. ಅವರೊಡನೆ ಸತ್ತ ಮಟ್ಟುಗಳನ್ನು ಲೆಕ್ಕಹಾಕುವವರು ಯಾರು?

ಕ್ಷಾಮದ ಅಂತ್ಯಭಾಗದಲ್ಲಿ, 1848ರಲ್ಲಿ, ಕಾರ್ಕ್ ಸೀಮೆಯ ಬ್ಯಾಂಟ್ರಿಯ ಬಳಿಯ ಹಳ್ಳಿಯೊಂದರಲ್ಲಿ ಫ್ರಾನ್ಸಿಸ್ ಓ'ನೀಲ್ ಎಂಬ ಮಗು ಹುಟ್ಟಿತು. ಹದಿನಾರರ ಪ್ರಾಯದಲ್ಲಿ ಹುಡುಗ ಮನೆಬಿಟ್ಟು ಹಡಗು ಸೇರಿದನು. ಪೆಸಿಫಿಕ್ ಸಾಗರದಲ್ಲಿ ಹಡಗೊಡೆದು, ಬೇಕರ್ ಎಂಬ ಪಾಳುದ್ವೀಪಕ್ಕೆ ಸಿಕ್ಕಿ ಬದುಕಿಬಂದನು. ಕೊನೆಗೆ ಅಮೆರಿಕದ ಷಿಕಾಗೋ ನಗರವನ್ನು ಸೇರಿ 1873ರಲ್ಲಿ ಪೊಲೀಸ್ ಕಾನ್‌ಸ್ಟೇಬಲ್ ಆದನು. ಕೆಲಸಕ್ಕೆ ಸೇರಿ ಎರಡು ತಿಂಗಳಾಗುವುದರೊಳಗೆ ಕಳ್ಳನೊಬ್ಬನು ಗುಂಡು ಹೊಡೆದನು. ಬೆನ್ನುಮೂಳೆಯ ಬಳಿ ನೆಲೆಸಿದ ಆ ಗುಂಡು ಸಾಯುವವರೆಗೂ ಅವನ ಶರೀರದಲ್ಲಿಯೇ ಉಳಿಯಿತು. 1901ರಲ್ಲಿ ಅವನು ಆ ನಗರದ ಪೊಲೀಸ್ ಪಡೆಗೆ ಮುಖ್ಯಾಧಿಕಾರಿಯಾಗಿ 1905ರವರೆಗೆ ಅಧಿಕಾರದಲ್ಲಿದ್ದನು.

ಗುಂಡಿನಂತೆಯೇ ಅವನೊಳಗೆ ಉಳಿದಿದ್ದ ಇನ್ನೊಂದು ವಸ್ತುವೆಂದರೆ ಚಿಕ್ಕಂದಿನಲ್ಲಿ ಕೇಳಿದ ಸಂಗೀತ. ಷಿಕಾಗೋವಿನಲ್ಲಿ ಐರ್ಲೆಂಡಿನ ಎಲ್ಲ ಸೀಮೆಗಳ ಜನರೂ ಇದ್ದರು. ತಾಯಿನಾಡಿನಲ್ಲಿ ಒಂದು ಹಳ್ಳಿಯವನು ಹತ್ತು ಹರದಾರಿ ದೂರದವನ ಮಟ್ಟನ್ನು ಕೇಳುವುದು ಕಷ್ಟವಾಗಿದ್ದರೆ, ಇಲ್ಲಿ ಉತ್ತರದವನೂ ದಕ್ಷಿಣದವನೂ ಒಂದೇ ಬೀದಿಯಲ್ಲಿ ವಾಸ. ಪೊಲೀಸ್ ಪಡೆಯಲ್ಲಿಯೇ ಪಿಟೀಲುಗಾರರು, ಕೊಳಲೂದುವವರು ಅನೇಕರು. ಓ'ನೀಲ್ ಕೊಳಲನ್ನು ಬಲ್ಲನು. ಸ್ವರಗಳನ್ನು ಬರೆಯಲು ಮಾತ್ರ ಬಾರದು. ಅವನ ಅದೃಷ್ಟಕ್ಕೆ ಅದೇ ಪಡೆಯಲ್ಲಿ ಅವನದೇ ಮನೆತನದ ಹೆಸರಿನ, ಆದರೆ ರಕ್ತಸಂಬಂಧವಿಲ್ಲದ, ಜೇಮ್ಸ್ ಓ'ನೀಲ್ ಎಂಬ ಪಿಟೀಲುಗಾರನು ದೊರೆತನು. ಫ್ರಾನ್ಸಿಸನು ನೆನಪಿನಿಂದ ನುಡಿಸುವನು, ಜೇಮ್ಸನು ಬರೆದುಕೊಳ್ಳುವನು. ಹೀಗೆ ವರ್ಷಗಟ್ಟಲೆ ನಡೆದ ಕೆಲಸದ ಫಲವಾಗಿ 1903ರಲ್ಲಿ 1850 ಮಟ್ಟುಗಳ 'ಮ್ಯೂಸಿಕ್ ಆಫ್ ಐರ್ಲೆಂಡ್' ಹೊರಬಂದಿತು. 1907ರಲ್ಲಿ ಕುಣಿತದ ಮಟ್ಟುಗಳನ್ನೇ ಆಯ್ದು 1001 ಮಟ್ಟುಗಳ ಇನ್ನೊಂದು ಸಂಗ್ರಹವನ್ನು ಪ್ರಕಟಿಸಿದನು. ಐರ್ಲೆಂಡಿನ ವಾದ್ಯಗಾರರು ಇದನ್ನು ಬೇರೆ ವಿಶೇಷಣವಿಲ್ಲದೆ 'ಪುಸ್ತಕ' ಎಂದೇ ಕರೆಯುವ ಕಾಲ ಬಂದಿತು. ತವರಿನಲ್ಲಿ ಮರೆತುಹೋದುದನ್ನು ಪರದೇಶದ ಪೊಲೀಸರು ಬರೆದು ತವರಿಗೆ ಹಿಂದಿರುಗಿಸಿದರು.

ಪುಸ್ತಕದ ತರುವಾಯ ಗ್ರಾಮಫೋನಿನ ಸರದಿ. ಸ್ಲೈಗೋ ಸೀಮೆಯಲ್ಲಿ 1891ರಲ್ಲಿ ಹುಟ್ಟಿ 1914ರಲ್ಲಿ ಅಮೆರಿಕಕ್ಕೆ ಹೋದ ಮೈಕೇಲ್ ಕೋಲ್ಮನ್ ಎಂಬ ಪಿಟೀಲುಗಾರನು 1921ರಿಂದ 1936ರವರೆಗೆ ನ್ಯೂಯಾರ್ಕಿನಲ್ಲಿ ನುಡಿಸಿದ ತಟ್ಟೆಗಳು ಸಮುದ್ರವನ್ನು ದಾಟಿ ಐರ್ಲೆಂಡಿನ ಹಳ್ಳಿಗಳನ್ನು ಸೇರಿದುವು. ಅವನ ಕಮಾನಿನ ಚುರುಕಿಗೆ ಮಾರುಹೋಗದವರಿಲ್ಲ. ಆದರೆ ಇದರಿಂದ ಲಾಭದೊಡನೆ ನಷ್ಟವೂ ಆಯಿತೆಂಬುದನ್ನು ಮರೆಮಾಚಲಾಗದು. ಎಲ್ಲರೂ ಕೋಲ್ಮನ್ನನಂತೆಯೇ ನುಡಿಸಬೇಕೆಂದು ಹೊರಟುದರಿಂದ ಸೀಮೆಸೀಮೆಗೂ ಇದ್ದ ಬೇರೆಬೇರೆ ಬಾಣಿಗಳು ಹಿಂದೆಬಿದ್ದುವು. ಕಿವಿಯಿಂದ ಕಲಿತಾಗ ಮಟ್ಟು ಕವಲೊಡೆಯುತ್ತದೆ. ತಟ್ಟೆಯಿಂದ ಕಲಿತಾಗ ಅಚ್ಚಿಗೆ ಹೊಯ್ದಂತಾಗುತ್ತದೆ.

ಇತ್ತ ಐರ್ಲೆಂಡಿನಲ್ಲಿ ಇನ್ನೊಂದು ಸಂಕಟ. ಸ್ವತಂತ್ರವಾದ ಮೇಲೆ ಅಲ್ಲಿನ ಸರಕಾರವು 1935ರಲ್ಲಿ ಸಾರ್ವಜನಿಕ ನೃತ್ಯಮಂದಿರಗಳ ಕಾನೂನನ್ನು ಮಾಡಿ, ನ್ಯಾಯಾಲಯದ ಲೈಸೆನ್ಸಿಲ್ಲದೆ ಕುಣಿತವನ್ನು ನಡೆಸಕೂಡದೆಂದು ವಿಧಿಸಿತು. ಕಾನೂನು ಮಂದಿರಗಳನ್ನು ಕುರಿತುದಾದರೂ ಪಾದ್ರಿಗಳೂ ಪೊಲೀಸರೂ ಅದನ್ನು ಮನೆಗಳ ಕುಣಿತಕ್ಕೂ ಅನ್ವಯಿಸಿದರು. ಕ್ಷಾಮವನ್ನು ತಡೆದುಕೊಂಡು ಉಳಿದಿದ್ದ ಅಡಿಗೆಮನೆಯ ಜಿಗ್ಗಿಗೆ ಸ್ವದೇಶದ ಸರಕಾರದಿಂದಲೇ ಪೆಟ್ಟುಬಿದ್ದುದು ವಿಧಿವಿಲಾಸವಲ್ಲವೆ? ಷಿಕಾಗೋವಿನಲ್ಲಿ ಪೊಲೀಸನು ಮಟ್ಟನ್ನು ಉಳಿಸಿದನು; ತವರಿನಲ್ಲಿ ಪೊಲೀಸನು ಬಾಗಿಲು ತಟ್ಟಿ ನಿಲ್ಲಿಸಿದನು.

ಈ ಸ್ಥಿತಿಯಲ್ಲಿ ನೆರವಿಗೆ ಬಂದವುಗಳಲ್ಲಿ ಆಕಾಶವಾಣಿಯೂ ಒಂದೆಂಬುದನ್ನು ಇಲ್ಲಿ ಸಂತೋಷದಿಂದ ಸ್ಮರಿಸಬಹುದು. ಡಬ್ಲಿನ್ನಿನ ರೇಡಿಯೋ ನಿಲಯವು 1926ರ ಜನವರಿ 1ರಂದು ಪ್ರಾರಂಭವಾಯಿತು. ಅದರ ಮೊದಲನೆಯ ನಿರ್ದೇಶಕ ಷೇಮಸ್ ಕ್ಲಾಂಡಿಲನ್ ಸ್ವತಃ ಹಳೆಯ ಸಂಪ್ರದಾಯದ ಗಾಯಕ. 1942ರಿಂದ ಐದು ವರ್ಷಗಳ ಕಾಲ ಷೇಮಸ್ ಎನ್ನಿಸ್ ಎಂಬ ತರುಣನು ಜಾನಪದ ಆಯೋಗದ ಪರವಾಗಿ ಬೈಸಿಕಲ್ಲನ್ನೇರಿ ಹಳ್ಳಿಹಳ್ಳಿಯನ್ನು ಸುತ್ತಿ ಹಾಡುಗಳನ್ನೂ ಮಟ್ಟುಗಳನ್ನೂ ಬರೆದುಕೊಂಡನು. 1947ರಲ್ಲಿ ರೇಡಿಯೋ ನಿಲಯವನ್ನು ಸೇರಿ ಧ್ವನಿಗ್ರಹಣದ ಯಂತ್ರದೊಡನೆ ಮತ್ತೆ ಅದೇ ದಾರಿಗಳಲ್ಲಿ ತಿರುಗಿದನು. 1951ರಲ್ಲಿ ಐರಿಷ್ ಸಂಗೀತಗಾರರ ಸಂಘ ಮುಲಿಂಗಾರ್ ಪಟ್ಟಣದಲ್ಲಿ ಸ್ಥಾಪಿತವಾಯಿತು. ಮಕ್ಕಳು ಮತ್ತೆ ಪಿಟೀಲನ್ನು ಕೈಗೆತ್ತಿಕೊಂಡರು.

ಈ ಸುತ್ತಾಟದಲ್ಲೆಲ್ಲ ನಮ್ಮ ಅಗಸಗಿತ್ತಿ ಪಟ್ಟ ಪಾಡೂ ಅಲ್ಪವಲ್ಲ. ರಂಗಭೂಮಿಯಲ್ಲಿ, ಆಮೇಲೆ ಚಲಚ್ಚಿತ್ರದಲ್ಲಿ, ಐರಿಷನನ್ನು ಕುಡುಕನಾಗಿಯೋ ಕೋಡಂಗಿಯಾಗಿಯೋ ತೋರಿಸಬೇಕಾದಾಗಲೆಲ್ಲ ಈ ಮಟ್ಟನ್ನೇ ನುಡಿಸುವುದು ವಾಡಿಕೆಯಾಯಿತು. 1947ರಲ್ಲಿ ಅಮೆರಿಕದ ಲಿರಾಯ್ ಆಂಡರ್ಸನ್ ಎಂಬವನು ತನ್ನ 'ಐರಿಷ್ ಸೂಟ್' ಎಂಬ ವಾದ್ಯವೃಂದದ ಕೃತಿಯಲ್ಲಿ ಇದಕ್ಕೆ ಗೌರವದ ಸ್ಥಾನವನ್ನು ಕೊಟ್ಟನು. ಒಂದೇ ಮಟ್ಟು ಒಬ್ಬನಿಗೆ ಹಾಸ್ಯದ ವಸ್ತು, ಇನ್ನೊಬ್ಬನಿಗೆ ಕೃತಿಯ ವಸ್ತು. ಮಟ್ಟಿನಲ್ಲಿ ದೋಷವಿಲ್ಲ, ಅದನ್ನು ಹಿಡಿದ ಕೈಯಲ್ಲಿ ಗುಣದೋಷಗಳು.

ಇಷ್ಟು ದೂರದ ಕಥೆಯಿಂದ ನಮಗೇನು ಪ್ರಯೋಜನವೆಂದು ಕೆಲವರು ಕೇಳಬಹುದು. ಈ ಜಿಗ್ಗನ್ನು ನುಡಿಸುವ ವಾದ್ಯವೇ ಅದಕ್ಕೆ ಉತ್ತರ. ಇಂಗ್ಲಿಷಿನ 'ಫಿಡಲ್' ಎಂಬ ಮಾತೇ ನಮ್ಮ ಬಾಯಲ್ಲಿ ಪಿಟೀಲಾಗಿದೆ. 18ನೆಯ ಶತಮಾನವು ಮುಗಿಯುವ ಕಾಲದಲ್ಲಿ ಮದರಾಸಿನ ಕೋಟೆಯ ಬ್ಯಾಂಡಿನವರೂ ವರ್ತಕರೂ ತಮ್ಮ ದ್ವೀಪಗಳ ಕುಣಿತದ ಮಟ್ಟುಗಳನ್ನು ನುಡಿಸುತ್ತಿದ್ದರು. ಅವನ್ನು ಕೇಳಿದವರಲ್ಲಿ ಮುತ್ತುಸ್ವಾಮಿ ದೀಕ್ಷಿತರೂ ಅವರ ತಮ್ಮಂದಿರಾದ ಬಾಲುಸ್ವಾಮಿ ದೀಕ್ಷಿತರೂ ಇದ್ದರು. ಅಣ್ಣನವರು ಆ ಮಟ್ಟುಗಳಿಗೆ ಸಂಸ್ಕೃತದಲ್ಲಿ ದೇವತಾಸ್ತುತಿಗಳನ್ನು ಅಳವಡಿಸಿದರು. ಸುಮಾರು ನಲವತ್ತರಷ್ಟಿರುವ ಇವನ್ನು ನೊಟ್ಟುಸ್ವರಸಾಹಿತ್ಯಗಳೆನ್ನುತ್ತಾರೆ. 'ನೊಟ್ಟು' ಎಂಬುದು ಇಂಗ್ಲಿಷಿನ 'ನೋಟ್'. ತಮ್ಮನವರು ಯೂರೋಪಿಯನ್ ಗುರುವಿನಿಂದ ಪಿಟೀಲನ್ನು ಕಲಿತು ಅದನ್ನು ನಮ್ಮ ಸಂಗೀತಕ್ಕೆ ಒಗ್ಗಿಸಿದರು. ಅಲ್ಲಿ ನಿಂತು ಗಲ್ಲಕ್ಕೊತ್ತಿ ನುಡಿಸುವ ವಾದ್ಯವನ್ನು ನಾವು ನೆಲದ ಮೇಲೆ ಕುಳಿತು, ಅದರ ತುದಿಯನ್ನು ಕಾಲಿನ ಹರಡಿನ ಮೇಲಿಟ್ಟು, ಷಡ್ಜಪಂಚಮಗಳಿಗೆ ಶ್ರುತಿಮಾಡಿ ನುಡಿಸುತ್ತೇವೆ. ಮೈಸೂರಿನ ಟಿ. ಚೌಡಯ್ಯನವರು (1895–1967) ಅದಕ್ಕೆ ಏಳು ತಂತಿಗಳನ್ನು ಹೂಡಿ ನಾದಕ್ಕೆ ತುಂಬುತನವನ್ನು ತಂದರು. ಅವರು ತೋಡಿಯನ್ನು ನುಡಿಸಿದಾಗ ಇದು ಪರದೇಶದ ವಾದ್ಯವೆಂದು ಯಾರಿಗೂ ಅನ್ನಿಸಲಿಲ್ಲ.

ಪಿಟೀಲು ನಮ್ಮದಾದುದು ಯಾವ ನ್ಯಾಯದಿಂದಲೋ ಅಗಸಗಿತ್ತಿ ಐರ್ಲೆಂಡಿನವಳಾದುದೂ ಅದೇ ನ್ಯಾಯದಿಂದ. ಆರು ಪೆನ್ಸಿಗೆ ಕುಣಿತವನ್ನು ಕಲಿಸಿದ ಮೇಷ್ಟರು, ಅವರ ಹಿಂದೆ ನಡೆದ ಕುರುಡ ಪಿಟೀಲುಗಾರ, ಬೆನ್ನಿನಲ್ಲಿ ಗುಂಡನ್ನು ಹೊತ್ತು ಮಟ್ಟುಗಳನ್ನು ನೆನಪಿನಿಂದ ಹೇಳಿಕೊಟ್ಟ ಓ'ನೀಲ್, ಬೈಸಿಕಲ್ಲಿನ ಮೇಲೆ ಮಳೆಯಲ್ಲಿ ನೆನೆದ ಎನ್ನಿಸ್, ಇವರು ಬರೆದುಕೊಟ್ಟ ಹಕ್ಕುಪತ್ರವೇ ಅದಕ್ಕೆ ಸಾಕು. ಪ್ಲೇಫೋರ್ಡನ ಪುಸ್ತಕದಲ್ಲಿ ಮಟ್ಟಿನ ಮೊದಲ ಹೆಜ್ಜೆಗುರುತಿರಬಹುದು. ಆದರೆ ಮಟ್ಟು ಬದುಕುವುದು ಪುಸ್ತಕದಲ್ಲಲ್ಲ. ಈ ಸಂಜೆ ಅದನ್ನು ನುಡಿಸುವವನ ಬೆರಳಿನಲ್ಲಿ, ಪಕ್ಕದಲ್ಲಿ ಕುಳಿತು ಕೇಳುವ ಮಗುವಿನ ಕಿವಿಯಲ್ಲಿ.